ದೋಣಿಯವನು ದಡ ಸೇರುತ್ತಾನಾ?

ಒಂದು ಸಂಸ್ಥಾನದ ದೊರೆಗೆ ನಿದ್ದೆ ಬರುತ್ತಿರಲಿಲ್ಲ. ಕಷಾಯ ಸೋತಿತು, ಹೋಮ ಸೋತಿತು. ಕೊನೆಗೆ ಆಸ್ಥಾನದ ವೈದ್ಯರು, ಮನಸ್ಸಿಗೆ ತಂಪೆರೆಯುವ ಚಿತ್ರವೊಂದನ್ನು ಮಂಚದ ಎದುರು ತೂಗುಹಾಕಲು ಹೇಳಿದರು. ಔಷಧ ಫಲಿಸದಿದ್ದಾಗ ವೈದ್ಯರಿಗೆ ಕಲೆಯ ನೆನಪಾಗುತ್ತದೆ.

ಚಿತ್ರಗಾರ ಹಂಪಣ್ಣ ಮುಂಬಯಿಯಲ್ಲಿ ತೈಲವರ್ಣ ಕಲಿತು ಬಂದವನು. ವಿಲಾಯಿತಿ ಶೈಲಿಯಲ್ಲಿ ದೊಡ್ಡದೊಂದು ಸರೋವರ ಬರೆದ. ಮಂಜು ಹೊದ್ದ ಬೆಟ್ಟಗಳು, ಸದ್ದಿಲ್ಲದ ನೀರು, ಮುಂಜಾನೆಯೋ ಮುಸ್ಸಂಜೆಯೋ ತಿಳಿಯದ ಬೆಳಕು. ಶಿಖರದ ಹಿಂದೆ ಒಂದು ಕರಿಮೋಡ. ನಟ್ಟನಡುವೆ ಎಳ್ಳುಕಾಳಿನಷ್ಟು ದೋಣಿ. ಅದರಲ್ಲಿ ನಮಗೆ ಬೆನ್ನು ಮಾಡಿ ಕೂತ ಒಬ್ಬ ಮನುಷ್ಯ.

"ಆಹಾ, ಎಂಥ ಶಾಂತಿ!" ಎಂದರು ಆಸ್ಥಾನದವರು. ದೊರೆ ಮಾತ್ರ ದೋಣಿಯನ್ನೇ ನೋಡಿದ. "ಆ ಮೋಡ ಒಡೆಯೋದರೊಳಗೆ ಇವನು ದಡ ಸೇರುತ್ತಾನಾ?"

ಯಾರಿಗೆ ಗೊತ್ತು? ದೊರೆಗೆ ಇದ್ದ ಅರೆನಿದ್ದೆಯೂ ಹೋಯಿತು.

ದಿವಾನ ಶ್ಯಾಮರಾಯ ಹಂಪಣ್ಣನನ್ನು ಮೂಲೆಗೆ ಕರೆದ. "ಏನಯ್ಯಾ, ನಿದ್ದೆ ಬರಿಸು ಅಂದರೆ ಜೀವ ತೆಗೀತೀಯಾ? ಆ ದೋಣಿ ಯಾಕೆ ಬೇಕಿತ್ತು?"

"ನೀರು ಎಷ್ಟು ವಿಶಾಲ ಅಂತ ತೋರಿಸೋಕೆ, ಸ್ವಾಮಿ."

"ತೋರಿಸಿದ್ದು ಸಾಕು. ಅಳಿಸು. ಇಲ್ಲದಿದ್ದರೆ ನಾಳೆ ಹೆಂಡತಿ ಸಮೇತ ಕೋಟೆಯಾಚೆ ಇರ್ತೀಯ."

ಹಂಪಣ್ಣನ ಹೆಂಡತಿ ತುಂಬು ಬಸುರಿ. ದೊರೆ ಸ್ನಾನಕ್ಕೆ ಹೋದಾಗ, ಅವನು ಕುಂಚ ಎಳೆದ. ದೋಣಿ ಇದ್ದಲ್ಲಿ ನೀರಾಯಿತು. ಈಗ ಚಿತ್ರದಲ್ಲಿ ಚಿಂತೆಗೆ ಆಸ್ಪದವೇ ಇಲ್ಲವೆಂದು ದಿವಾನ ಕೈ ಉಜ್ಜಿಕೊಂಡ.

ದೊರೆ ತಲೆ ಒರೆಸಿಕೊಳ್ಳುತ್ತ ಬಂದ. ನೋಡಿದ. ವಸ್ತ್ರ ಕೈಯಿಂದ ಜಾರಿತು.

"ಅಯ್ಯೋ, ಮುಳುಗಿಬಿಟ್ಟ!"

"ಇಲ್ಲ ಮಹಾಸ್ವಾಮಿ, ದಡ ಸೇರಿದ," ದಿವಾನ ಹಲ್ಲು ಕಿರಿದ.

"ಸೇರಿದ್ದರೆ ದೋಣಿ ಎಲ್ಲಿ? ದಡಕ್ಕೆ ಕಟ್ಟಿರಬೇಕಿತ್ತಲ್ಲ! ನೀವೆಲ್ಲ ಇಲ್ಲೇ ನಿಂತು ನೋಡ್ತಾ ಇದ್ರಾ?"

ಎಲ್ಲರೂ ಹಂಪಣ್ಣನತ್ತ ತಿರುಗಿದರು. ಕೋಟೆಯ ಬಾಗಿಲು ಬೆನ್ನ ಹಿಂದೆ ಮುಚ್ಚಿದ ಸದ್ದು ಅವನಿಗೆ ಆಗಲೇ ಕೇಳಿಸುತ್ತಿತ್ತು. ಹೇಗೂ ಕೆಟ್ಟೆ ಎಂದುಕೊಂಡು ನಿಜ ಹೇಳಿದ.

"ಮುಳುಗಲಿಲ್ಲ ಪ್ರಭು. ತಾವು ಹೆದರುತ್ತೀರಿ ಅಂತ ನಾನೇ ಅಳಿಸಿದೆ."

"ಮತ್ತೆ ಬರಿ."

ಬರೆದ. ದೊರೆ ಅವನ ಭುಜದ ಹಿಂದೆಯೇ ಉಸಿರು ಬಿಗಿಹಿಡಿದು ನಿಂತಿದ್ದ.

"ಈಗ ಹೇಳು. ಇವನು ದಡ ಸೇರುತ್ತಾನಾ?"

ಹೂಂ ಅನ್ನು ಎಂದು ದಿವಾನ ಕಣ್ಸನ್ನೆ ಮಾಡಿದ.

"ಗೊತ್ತಿಲ್ಲ ಪ್ರಭು," ಎಂದ ಹಂಪಣ್ಣ. "ಹುಟ್ಟಂತೂ ಕೈಯಲ್ಲಿದೆ. ಹಾಕ್ತಾ ಇದ್ದಾನೆ."

ದೊರೆ ಹಂಪಣ್ಣನತ್ತ ಕೈ ತೋರಿಸಿದ. "ಇವನೊಬ್ಬ ನಿಜ ಹೇಳಿದ," ಎಂದ. "ಇವನು ಕೋಟೆಯಲ್ಲೇ ಇರಲಿ. ಇನ್ನು ಯಾರೂ ಆ ದೋಣಿ ಮುಟ್ಟಬೇಡಿ."

ಅಂದು ದೊರೆ ಗಾಢವಾಗಿ ನಿದ್ರಿಸಿದ ಎಂದರೆ ಕಥೆಗೆ ಚೆನ್ನಾಗಿರುತ್ತಿತ್ತು. ನಿದ್ರಿಸಲಿಲ್ಲ. ಆದರೆ ಕೂಗಾಡಲೂ ಇಲ್ಲ. ಊಟ ತರಿಸಿ ಉಂಡ.

ನೀತಿ: ಹೆದರಿದವನ ಕಣ್ಣೆದುರಿನಿಂದ ದೋಣಿ ಅಳಿಸಿದರೆ ಹೆದರಿಕೆ ಅಳಿಯುವುದಿಲ್ಲ, ದೋಣಿ ಮುಳುಗುತ್ತದೆ. ಸುಳ್ಳು ಸಮಾಧಾನಕ್ಕಿಂತ "ಗೊತ್ತಿಲ್ಲ" ಎಂಬ ನಿಜವೇ ಮೇಲು.