ಜೇಡ ಕಟ್ಟಿದ ಮದುವೆ ಚಪ್ಪರ

ಒಂದು ಕಾಡಿನಲ್ಲಿ ನೂಲಕ್ಕ ಎಂಬ ಜೇಡ ಇದ್ದಳು. ಬಲೆ ನೇಯ್ದು ಹುಳ ಹಿಡಿಯುವುದು ಅವಳ ಕಸುಬು. ಒಂದು ಬೆಳಿಗ್ಗೆ ಬಲೆಯ ಮೇಲೆ ಇಬ್ಬನಿ ಕೂತು ಮುತ್ತಿನಂತೆ ಹೊಳೆಯಿತು. ಹೋಗುವವರು ಬರುವವರೆಲ್ಲ ನಿಂತು, "ಎಷ್ಟು ಚಂದ" ಎಂದರು. ದೂರದಲ್ಲೇ ನಿಂತು ಹೇಳಿದರು, ಅಷ್ಟೆ.

ಹೊಗಳಿಕೆ ನೂಲಕ್ಕನ ತಲೆಗೇರಿತು. "ಇನ್ನು ಬೇಟೆ ಬಿಟ್ಟೆ. ಮದುವೆಗೆ ಚಪ್ಪರ ಕಟ್ಟಿಕೊಡ್ತೀನಿ. ಕೂಲಿ ಒಂದು ದೊನ್ನೆ ಜೇನು" ಎಂದು ಸಾರಿದಳು.

ಮೊದಲು ಬಂದವಳು ಮಿಡತೆ ಕೆಂಚವ್ವ. ಅವಳ ಮಗಳು ಹಸಿರಿ ಎಂಬವಳಿಗೆ ಮದುವೆ ನಿಶ್ಚಯವಾಗಿತ್ತು.

"ತಪ್ಪು ತಿಳೀಬೇಡ ಅಕ್ಕಾ. ನಮ್ಮ ದೊಡ್ಡಪ್ಪ ಹೋದದ್ದು ನಿನ್ನ ಬಲೆಯಲ್ಲೇ" ಎಂದಳು ಕೆಂಚವ್ವ.

"ಅದೆಲ್ಲ ಹಳೇ ಕಥೆ ಕಣೇ. ನೋಡು, ನಾನೇ ನಡೆದು ತೋರಿಸ್ತೀನಿ" ಎಂದು ನೂಲಕ್ಕ ಎಳೆಯ ಮೇಲೆ ಓಡಾಡಿದಳು. ಕಾಲು ಅಂಟಲಿಲ್ಲ. ಕೆಂಚವ್ವ ನಂಬಿದಳು.

ಬಲೆಯಲ್ಲಿ ಉದ್ದದ ಎಳೆಗಳು ಒಣ, ಸುತ್ತುವ ಎಳೆಗಳು ಅಂಟು. ಜೇಡ ನಡೆಯುವುದು ಒಣ ಎಳೆಯ ಮೇಲೆ ಮಾತ್ರ. ಇದು ಮಿಡತೆಗೇನು ಗೊತ್ತು? ನೂಲಕ್ಕ ಚಪ್ಪರಕ್ಕೂ ಅಂಟು ಎಳೆಗಳನ್ನೇ ಸುತ್ತಿದಳು. ಅಂಟಿಲ್ಲದೆ ನೇಯ್ದರೆ ಚಪ್ಪರ ಗಾಳಿಗೆ ಜೋಲುತ್ತಿತ್ತು. ಅದು ಒಂದು ಕಾರಣ. ಹೊಸ ಕಸುಬು ನಡೆಯದಿದ್ದರೆ ಊಟಕ್ಕೊಂದು ದಾರಿ ಇರಲಿ ಎಂಬುದು ಇನ್ನೊಂದು. ಅದನ್ನು ನೂಲಕ್ಕ ತನಗೂ ಹೇಳಿಕೊಂಡಿರಲಿಲ್ಲ.

ಮದುವೆಯ ದಿನ ಹಸಿರಿ ಸಂಭ್ರಮಕ್ಕೆ ಒಂದು ಜಿಗಿತ ಜಿಗಿದಳು. ಹಿಂಗಾಲು ಚಪ್ಪರಕ್ಕೆ ಅಂಟಿಕೊಂಡಿತು.

ಎಳೆ ಅಲುಗಿತು. ನೂಲಕ್ಕ ಓಡಿ ಬಂದಳು. ಬಿಡಿಸಲು ಬಂದಳು ಎಂದೇ ಎಲ್ಲರೂ ತಿಳಿದರು. ಆದರೆ ಅವಳ ಬಾಯಲ್ಲಿ ನೀರೂರಿತ್ತು. ಹಸಿರಿ ಅದನ್ನು ನೋಡಿದಳು. ಹಸಿರಿ ನೋಡಿದ್ದನ್ನು ನೂಲಕ್ಕ ನೋಡಿದಳು.

ಹೆದರಿದ ಹಸಿರಿ ಕಾಲು ಕಿತ್ತುಕೊಂಡು ಹಾರಿದಳು. ಕಾಲು ಚಪ್ಪರದಲ್ಲೇ ಉಳಿಯಿತು.

"ಅಂಟು ಯಾಕೆ ಹಾಕಿದೆ?" ಎಂದಳು ಕೆಂಚವ್ವ.

"ಹೊಸ ಕಸುಬು ಕೈಕೊಟ್ಟರೆ ಅಂತ..."

"ಕೈಕೊಟ್ಟರೆ ನಾವು ನಿನ್ನ ಊಟ. ಅಲ್ಲವಾ ಅಕ್ಕಾ?"

ನೂಲಕ್ಕನಿಗೆ ಎಂಟು ಕಣ್ಣಿದ್ದವು. ಒಂದನ್ನೂ ಎತ್ತಲಾಗಲಿಲ್ಲ. ಮದುವೆ ಬರಿಯ ಕೊಂಬೆಯ ಕೆಳಗೆ ನಡೆಯಿತು.

ಆಮೇಲೆ ಅವಳು ಅಂಟಿಲ್ಲದೆ ನೇಯತೊಡಗಿದಳು. ಎಳೆ ಜೋಲಿತು. ಎರಡೆರಡು ಎಳೆ ಹೊಸೆದಳು. ಗಾಳಿಗೆ ಅವೂ ಹರಿದವು. ಮತ್ತೆ ಹೊಸೆದಳು. ಕೊನೆಗೆ ಚಪ್ಪರ ನಿಂತಿತು. ಸುತ್ತುವ ಎಳೆಗಳ ಮೇಲೆ ತಾನೇ ಹೊರಳಾಡಿ ತೋರಿಸಿದಳು. ಯಾರೂ ಬರಲಿಲ್ಲ. "ಜೇಡಕ್ಕೆ ಈಗ ನಾಟಕವೂ ಬರುತ್ತೆ" ಎಂದು ಇರುವೆಗಳು ನಕ್ಕವು. ನೂಲಕ್ಕ ಎಲೆಯ ಮೇಲಿನ ಇಬ್ಬನಿ ಕುಡಿದು ಹಸಿವಿನಲ್ಲೇ ನೇಯ್ದಳು.

ಒಂದು ದಿನ ಕುಂಟುತ್ತಾ ಹಸಿರಿ ಬಂದಳು.

"ಮಗುವಿಗೆ ಹೆಸರಿಡಬೇಕು. ಚಪ್ಪರ ಬೇಕು. ನಾನು ಮುಟ್ಟಿ ನೋಡೋವರೆಗೂ ನೀನು ಆ ಕೊಂಬೆಯಲ್ಲಿರು. ನನಗೆ ಉಳಿದಿರೋದು ಒಂದೇ ಹಿಂಗಾಲು."

ನೂಲಕ್ಕ ದೂರ ಹೋಗಿ, ಕಾಲು ಮಡಚಿ, ಬೆನ್ನು ತಿರುಗಿಸಿ ಕೂತಳು.

ಹಸಿರಿ ಸುತ್ತುವ ಎಳೆಯ ಮೇಲೆ ಆ ಕಾಲಿಟ್ಟಳು. ತೆಗೆದಳು. ಸಲೀಸಾಗಿ ಬಂತು. ಮತ್ತೊಮ್ಮೆ ಇಟ್ಟಳು.

"ಕಟ್ಟು. ಆದರೆ ಹೆಸರಿಡುವ ದಿನವೂ ನೀನು ಅಲ್ಲೇ ಕೂತಿರಬೇಕು" ಎಂದಳು.

"ಆಗಲಿ ತಾಯಿ" ಎಂದಳು ನೂಲಕ್ಕ, ತಿರುಗದೆಯೇ.

ನೀತಿ: ಹಳೆಯ ಮೋಸವನ್ನು ಬಚ್ಚಿಟ್ಟುಕೊಂಡು ಹೊಸ ಕಸುಬು ಹಿಡಿಯಬಾರದು, ಕಳೆದುಕೊಂಡ ನಂಬಿಕೆ ಮಾತಿನಿಂದಲ್ಲ, ಕೆಲಸದಿಂದ ಮರಳುತ್ತದೆ, ಅದೂ ನಿಧಾನವಾಗಿ.