ಬೀದಿ ಬಾಯಲ್ಲೊಂದು ಕುರ್ಚಿ

ನಗರದಲ್ಲಿ ಅಂತರರಾಷ್ಟ್ರೀಯ ಕ್ರೀಡಾಕೂಟ ನಡೆಯುವುದಿತ್ತು. ಆ ಒಂದು ತಿಂಗಳ ಮಟ್ಟಿಗೆ ವೇಶ್ಯಾವೃತ್ತಿಗೆ ಕಾನೂನಿನ ಒಪ್ಪಿಗೆ ಕೊಡಬೇಕೇ ಎಂದು ಚರ್ಚಿಸಲು ಊರಿನ ಹಿರಿಯರ ಸಮಿತಿ ಸೇರಿತು. ಆ ವೃತ್ತಿಯವರ ಬೀದಿಯಿಂದ ಒಬ್ಬ ಹಿರಿಯ ಹೆಂಗಸನ್ನು ಕರೆಸಿದರು.

ಅಧ್ಯಕ್ಷ ಪಂಚಾಕ್ಷರಯ್ಯನವರು ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಒಪ್ಪಿಗೆ ಹೊರಗಿನಿಂದ ಬರುವ ಅತಿಥಿಗಳಿಗೆ ಮಾತ್ರ. ನಮ್ಮೂರಿನ ಗಂಡಸರು ಮರ್ಯಾದಸ್ಥರು, ಅವರು ಅತ್ತ ಸುಳಿಯುವಂತಿಲ್ಲ. ಕೂಟ ಮುಗಿದ ಮರುದಿನ ನೀವೆಲ್ಲ ಮನೆ ಖಾಲಿ ಮಾಡಬೇಕು."

"ತಿಂಗಳೆಲ್ಲ ಸರಿಯಾಗಿದ್ದದ್ದು ಮರುದಿನ ಹೇಗೆ ತಪ್ಪಾಗುತ್ತೆ ಸ್ವಾಮಿ? ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗೋಣ?"

"ಇದು ಊರಿನ ಮಾನದ ಪ್ರಶ್ನೆ. ಎದುರು ಮಾತಾಡಬೇಡ."

ಆಕೆ ಕೈಮುಗಿದಳು. "ಆಗಲಿ. ಆದರೆ ಕಾವಲಿಗೆ ಬರೋ ಪೊಲೀಸರು ಬೇರೆ ಊರಿನವರಂತೆ. ನಮ್ಮೂರಿನವರು ಯಾರು ಅಂತ ಅವರಿಗೇನು ಗೊತ್ತು? ಬೀದಿ ಬಾಯಲ್ಲಿ ನನಗೊಂದು ಕುರ್ಚಿ ಹಾಕಿಸಿಕೊಡಿ. ಊರಿನ ಮರ್ಯಾದಸ್ಥರು ಬಂದರೆ ಹೆಸರು ಹಿಡಿದು ಕೂಗಿ ವಾಪಸ್ ಕಳಿಸ್ತೀನಿ. ಒಬ್ಬೊಬ್ಬರ ಮುಖವೂ ನನಗೆ ಗೊತ್ತು."

ಸದಸ್ಯರಲ್ಲಿ ಒಬ್ಬರು ಕನ್ನಡಕ ಒರೆಸತೊಡಗಿದರು. ಇನ್ನೊಬ್ಬರು ಬಾರದ ಫೋನಿಗೆ "ಹಲೋ" ಎನ್ನುತ್ತ ಹೊರಗೆ ಹೋದರು.

"ಕುರ್ಚಿ ಗಿರ್ಚಿ ಏನೂ ಬೇಡಮ್ಮ," ಎಂದರು ಅಧ್ಯಕ್ಷರು.

"ಹಾಗಾದರೆ ಮನೆ ಖಾಲಿ ಮಾಡೋ ಮಾತೂ ಬೇಡ ಅಲ್ವಾ?"

"ಬೇಡ, ಬೇಡ. ವರ್ಷವಿಡೀ ಅಲ್ಲೇ ಇರಿ. ಯಾರೂ ನಿಮ್ಮ ತಂಟೆಗೆ ಬರೋದಿಲ್ಲ."

ಆ ಸಮಿತಿ ಇಷ್ಟು ಬೇಗ ಯಾವತ್ತೂ ಒಮ್ಮತಕ್ಕೆ ಬಂದಿರಲಿಲ್ಲ. ಆಕೆಯನ್ನು ಬೇಗ ಕಳಿಸಿದರೆ ಸಾಕೆಂದು ಅಧ್ಯಕ್ಷರು ತಾವೇ ಎದ್ದು ಬಾಗಿಲವರೆಗೆ ಬಂದರು.

ಆಕೆಯ ಮನಸ್ಸು ಕರಗಿತು. "ನೀವ್ಯಾಕೆ ಎದ್ದಿರಿ ಸ್ವಾಮಿ? ನಮ್ಮ ಮನೆ ಮೆಟ್ಟಿಲು ಹತ್ತುವಾಗಲೇ ಮೊಣಕಾಲು ನೋವು ಅಂತೀರಿ!"