ಆನೆಬಾಯಿ ಕಣಿವೆಯ ದುಗ್ಗ

“ಕೇಳ್ರಪ್ಪೋ ಕೇಳಿ! ಕಗ್ಗಲ್ಲುಸೀಮೆಯ ರಾಣಿ ಹೊನ್ನಾಜಮ್ಮನವರ ಅಪ್ಪಣೆ! ಆನೆಬಾಯಿ ಕಣಿವೆಯಲ್ಲಿ ಕೂತಿರುವ ರಕ್ಕಸನ ಮೂರು ಒಗಟು ಬಿಡಿಸಿ ದಾರಿ ತೆರೆಸಿದವನಿಗೆ ಅರ್ಧ ಸೀಮೆ! ತಪ್ಪು ಹೇಳಿದವನು ರಕ್ಕಸನ ಬಾಯಿಗೆ!”

ಡಂಗುರ ಕೇಳಿ ಜನ ಬಾಗಿಲಿಗೆ ಬಂದು ನಿಂತರು. ಸುತ್ತ ಕಡಿದಾದ ಕರಿಬೆಟ್ಟ, ನಡುವೆ ಸೀಮೆ. ಹೋಗುವುದಕ್ಕೂ ಬರುವುದಕ್ಕೂ ಆ ಕಣಿವೆಯೊಂದೇ ದಾರಿ. ರಕ್ಕಸ ಅಲ್ಲಿ ಕೂತಂದಿನಿಂದ ಸೀಮೆ ಮುಚ್ಚಿದ ಮಡಕೆಯಂತಾಗಿತ್ತು. ಹೊರಗೆ ಕೊಟ್ಟ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬರುವ ಹಾಗಿರಲಿಲ್ಲ. ಸತ್ತವರ ಬೂದಿ ಹೊಳೆ ಕಾಣದೆ ಮನೆಯ ಮಾಡಿನಲ್ಲೇ ಉಳಿದಿತ್ತು.

ಬೆಟ್ಟದ ಗವಿಯಲ್ಲಿ ಅಡಗಿದ್ದ ದುಗ್ಗನೂ ಡಂಗುರ ಕೇಳಿಸಿಕೊಂಡ. ದುಗ್ಗ ಕುರಿ ಕಾಯುವವರ ಮಗ. ಬಾಣ ನಾಟದ ಮೈ, ಬಂಡೆ ಸೀಳುವ ಮುಷ್ಟಿ ಹುಟ್ಟಿನಿಂದಲೇ ಬಂದಿತ್ತು. ಆ ಬಲ ಇಟ್ಟುಕೊಂಡು ಅವನು ಮಾಡಿದ್ದು ಮಾತ್ರ ಕಣಿವೆಯಲ್ಲಿ ಗಾಡಿ ತಡೆದು ದೋಚುವುದು. ಅಡ್ಡ ಬಂದ ಕಾವಲಿನ ಜಕ್ಕಣ್ಣನನ್ನು ಒಮ್ಮೆ ಸಿಟ್ಟಿನಲ್ಲಿ ತಳ್ಳಿದ. ಜಕ್ಕಣ್ಣ ಮತ್ತೆ ಏಳಲಿಲ್ಲ. ಉಳಿದ ಕಾವಲಿನವರು ಓಡಿಹೋದರು. ಕಾಯುವವರಿಲ್ಲದ ಕಣಿವೆಗೆ ರಕ್ಕಸ ನಡೆದು ಬಂದು ಕೂತ. ಆಮೇಲೆ ದುಗ್ಗನೂ ಎಲ್ಲರ ಜೊತೆ ಒಳಗೇ ಸಿಕ್ಕಿಕೊಂಡ.

ಮೊದಲು ಹೋದವನು ದಳವಾಯಿಯ ಮಗ. ರಕ್ಕಸ ಕೇಳಿದ: “ಕಾಲಿಲ್ಲ, ಆದರೂ ಒಡೆಯನಿಗಿಂತ ಮೊದಲೇ ಊರು ಸೇರುತ್ತದೆ. ಅವನು ಸತ್ತರೂ ಊರು ಬಿಡುವುದಿಲ್ಲ. ಏನದು?”

“ನೆರಳು!” ಎಂದ ಹುಡುಗ.

“ಸತ್ತವನ ಜೊತೆ ನೆರಳೂ ಮಣ್ಣಿಗೆ ಹೋಗುತ್ತದಲ್ಲೋ,” ಎಂದು ರಕ್ಕಸ ಅವನನ್ನು ನುಂಗಿದ.

ಆಸ್ಥಾನದ ಪಂಡಿತ ಮೊದಲನೆಯದನ್ನು ಗೆದ್ದ. ಎರಡನೆಯದು ಬಂತು: “ಬೆಟ್ಟ ಎತ್ತುವವನೂ ಅದನ್ನು ಕೆಳಗಿಳಿಸಲಾರ. ಇನ್ನೊಬ್ಬರು ಕೈಹಾಕಿದರೂ ಹಗುರವಾಗದು. ಏನದು?”

ಪಂಡಿತ ಕಣ್ಣುಮುಚ್ಚಿ ಯೋಚಿಸಿ, “ದುಃಖ,” ಎಂದ.

“ಹಂಚಿಕೊಂಡರೆ ದುಃಖ ಹಗುರವಾಗುತ್ತದೆ, ಪಂಡಿತಾ.” ಅವನೂ ಹೋದ. ಮತ್ತೆ ಯಾರೂ ಮುಂದೆ ಬರಲಿಲ್ಲ.

ದುಗ್ಗ ಗವಿಯಿಂದಿಳಿದು ರಾಣಿಯ ಮುಂದೆ ನಿಂತ. ಸಭೆಯಲ್ಲಿ ಕತ್ತಿಗಳು ಒರೆಯಿಂದ ಹೊರಬಂದವು.

“ನಾನು ಹೋಗ್ತೀನಿ ತಾಯಿ.”

ಹೊನ್ನಾಜಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹೋಗು. ನಿಮ್ಮಿಬ್ಬರಲ್ಲಿ ಯಾರು ಸತ್ತರೂ ನಮಗೊಂದು ಕಾಟ ಕಡಿಮೆ.”

ದುಗ್ಗ ಮೊದಲು ಮುಷ್ಟಿಯನ್ನೇ ನಂಬಿದ. ಅವನು ಗುದ್ದಿದ ಏಟಿಗೆ ಬೆಟ್ಟ ನಡುಗಿತು, ರಕ್ಕಸ ಅಲುಗಲಿಲ್ಲ. “ಬಲಕ್ಕೆಲ್ಲ ನಾನು ಏಳುವವನಲ್ಲ. ಬಾಯಿ ತೆರೆ,” ಎಂದು ರಕ್ಕಸ ಮೊದಲ ಒಗಟು ಕೇಳಿದ.

“ಅದು ಹೆಸರು,” ಎಂದ ದುಗ್ಗ. “ನಾನು ಊರಿಗೆ ಕಾಲಿಡುವ ಮೊದಲೇ ತಾಯಂದಿರು ಮಕ್ಕಳನ್ನು ಒಳಗೆ ಎಳ್ಕೊಳ್ತಾರೆ. ನಾನು ಸತ್ತ ಮೇಲೂ ಅಳೋ ಮಕ್ಕಳನ್ನ ಅದನ್ನ ಹೇಳಿಯೇ ಸುಮ್ಮನಾಗಿಸ್ತಾರೆ.”

ರಕ್ಕಸ ಎರಡನೆಯದನ್ನು ಕೇಳಿದ. ದುಗ್ಗನಿಗೆ ಉತ್ತರ ತಿಳಿದಿತ್ತು. ತನ್ನ ಅಂಗೈಯನ್ನೇ ನೋಡಿಕೊಂಡ.

“ಮಾಡಿದ ಪಾಪ,” ಎಂದ ಕೊನೆಗೆ. “ಜಕ್ಕಣ್ಣನನ್ನು ತಳ್ಳಿದ್ದು ಈ ಕೈ. ಇದನ್ನ ಯಾರ ಹೆಗಲಿಗೆ ದಾಟಿಸಲಿ?”

ರಕ್ಕಸ ಸ್ವಲ್ಪ ಪಕ್ಕಕ್ಕೆ ಸರಿದ. ಹೊರಗಿನ ಬಯಲು ಕಂಡಿತು, ಗಾಳಿ ಮುಖಕ್ಕೆ ಬಡಿಯಿತು.

“ಎರಡು ಗೆದ್ದವನು ಬೇಕಾದರೆ ಹೊರಗೆ ಹೋಗಬಹುದು. ಅವನೊಬ್ಬನೇ. ಹಿಂದೆ ದಾರಿ ಮುಚ್ಚುತ್ತದೆ. ಮೂರನೆಯದನ್ನು ಗೆದ್ದರೆ ದಾರಿ ಎಲ್ಲರಿಗೂ ತೆರೆಯುತ್ತದೆ. ಆದರೆ ಗೆದ್ದವನು ಈ ಕಣಿವೆಯಲ್ಲೇ ಇರಬೇಕು. ಒಳಗೂ ಇಲ್ಲ, ಹೊರಗೂ ಇಲ್ಲ. ನಾನೂ ಈ ಕಣಿವೆಗೆ ಕಾಲಿಟ್ಟು ಹೀಗೇ ಸಿಕ್ಕಿಬಿದ್ದವನು.”

ದುಗ್ಗ ಹಿಂದಿರುಗಿ ನೋಡಿದ. ಕೋಟೆಯ ಮೇಲೆ ಜನ ಸಾಲಾಗಿ ನಿಂತಿದ್ದರು. ಒಬ್ಬರ ಮುಖದಲ್ಲೂ ಅವನಿಗೆ ಒಳ್ಳೆಯದಾಗಲಿ ಎಂಬ ಹಾರೈಕೆಯಿರಲಿಲ್ಲ. ‘ಇವರಿಗೋಸ್ಕರ ನಾನ್ಯಾಕೆ ಕಟ್ಟಿಹಾಕಿಸಿಕೊಳ್ಳಲಿ?’ ಎಂದುಕೊಂಡು ಬಯಲಿನ ಕಡೆ ಹೆಜ್ಜೆಯಿಟ್ಟ.

ಅಲ್ಲಿ ಒಂದು ಎತ್ತಿನಗಾಡಿ ನಿಂತಿತ್ತು. ಗಾಡಿಯಲ್ಲಿ ತುಂಬು ಬಸುರಿ, ಬೆವರಿ ಒದ್ದೆಯಾಗಿದ್ದಳು. ಅವಳು ಅವನನ್ನು ಹಿಂದೆ ಕಂಡವಳಲ್ಲ.

“ಅಣ್ಣಾ, ದಾರಿ ಬಿಟ್ರಾ? ನಮ್ಮವ್ವ ಒಳಗಿದಾಳೆ ಕಣಣ್ಣ. ನೋವು ಶುರುವಾಗಿದೆ.”

ಅಣ್ಣ ಎಂದು ಅವನನ್ನು ಯಾರೂ ಕರೆದವರಿಲ್ಲ. ದುಗ್ಗ ಎತ್ತಿದ ಕಾಲನ್ನು ಹಿಂದಕ್ಕಿಟ್ಟ.

“ಮೂರನೆಯದು ಕೇಳು,” ಎಂದ.

“ಒಳಗಿನವರಿಗೆ ಹೊರಗಿನವನು, ಹೊರಗಿನವರಿಗೆ ಒಳಗಿನವನು. ಅವನು ನಿದ್ದೆಗೆಟ್ಟರೆ ಊರು ಮಲಗುತ್ತದೆ, ಅವನು ಮಲಗಿದರೆ ಊರು ನಿದ್ದೆಗೆಡುತ್ತದೆ. ಯಾರವನು?”

“ಕಾವಲುಗಾರ. ನಾನು ಕೊಂದೆನಲ್ಲ, ಅವನು. ಇನ್ನು ಮೇಲೆ ನಾನು.”

ರಕ್ಕಸ ದೊಡ್ಡದಾಗಿ ಉಸಿರುಬಿಟ್ಟು ಎದ್ದ, ಬಯಲಿಗಿಳಿದು ತಿರುಗಿ ನೋಡದೆ ನಡೆದುಹೋದ. ಗಾಡಿ ಗಡಗಡನೆ ಒಳಗೆ ಓಡಿತು. ದುಗ್ಗ ಅದರ ಹಿಂದೆ ಹೋಗಲು ಕಾಲೆತ್ತಿದ. ಕಾಲು ಬರಲಿಲ್ಲ. ಬಯಲಿನ ಕಡೆ ತಿರುಗಿದ, ಆ ಕಡೆಗೂ ಬರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ.

ರಾಣಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ತಾನೇ ಕಣಿವೆಗೆ ಬಂದು ಅರ್ಧ ಸೀಮೆಯನ್ನು ಅವನ ಹೆಸರಿಗೆ ಧಾರೆಯೆರೆದಳು, ಕೈಗೆ ಬಂಗಾರದ ಕಡಗ ತೊಡಿಸಿದಳು. “ಸೀಮೆ ಕಾದವನು ನೀನು,” ಎಂದಳು, ಆದರೆ ಅವನ ಕಣ್ಣು ನೋಡಿ ಹೇಳಲಿಲ್ಲ. ಜನ ದೂರದಿಂದಲೇ ಕೈಮುಗಿದು ಹೋದರು.

ಎಲ್ಲರೂ ಹೋದ ಮೇಲೆ ಒಬ್ಬ ಹೆಂಗಸು ಅಂಬಲಿಯ ಕುಡಿಕೆ ಹಿಡಿದು ಬಂದಳು. ಜಕ್ಕಣ್ಣನ ಹೆಂಡತಿ ಸಣ್ಣೀರಮ್ಮ. ದುಗ್ಗ ತಲೆ ತಗ್ಗಿಸಿದ.

ಅವಳು ಕುಡಿಕೆಯನ್ನು ಬಂಡೆಯ ಮೇಲಿಟ್ಟಳು.

“ದುಗ್ಗನಿಗೆ ಅಂತ ತಂದಿದ್ದಲ್ಲ ಇದು. ದುಗ್ಗನಿಗೆ ನನ್ನ ಮನೆಯಿಂದ ಒಂದು ತೊಟ್ಟು ನೀರೂ ಹುಟ್ಟೋದಿಲ್ಲ. ಕಾವಲಿನವನಿಗೆ ತಂದೆ. ಕುಡಿ, ಆರಿಹೋಗುತ್ತೆ.”